ಒಂದು ಸಂಗತಿ, ಒಂದೇ ಸ್ಥಳ

ಶಾಲೆಯೊಂದರ ಗ್ರಂಥಾಲಯದಲ್ಲಿ ಪುಸ್ತಕ ಪಡೆದವರ ವಿವರಗಳನ್ನು ಬರೆದಿಡಲು ಒಂದೇ ದಪ್ಪ ದಾಖಲೆ ಪುಸ್ತಕವಿದೆಯೆಂದು ಭಾವಿಸೋಣ. ವಿದ್ಯಾರ್ಥಿನಿಯೊಬ್ಬಳು ವರ್ಷದಲ್ಲಿ 20 ಪುಸ್ತಕಗಳನ್ನು ಪಡೆದರೆ, ಅವಳ ಹೆಸರು ಮತ್ತು ವಿಳಾಸಗಳನ್ನು 20 ಸಲ ಬರೆಯಬೇಕಾಗುತ್ತದೆ. ಅವಳ ಮನೆ ಬದಲಾದಾಗ 19 ಕಡೆ ತಿದ್ದಿ ಒಂದು ಕಡೆ ಮರೆತರೆ, ಒಬ್ಬಳಿಗೇ ಎರಡು ವಿಳಾಸಗಳಾಗುತ್ತವೆ! ಸಾಕ್ಷಿ ನುಡಿಯಬೇಕಾದ ದಾಖಲೆಯೇ ಎರಡು ಮಾತನಾಡತೊಡಗುತ್ತದೆ. ಆಸ್ಪತ್ರೆಯಲ್ಲಿ ರೋಗಿಯ ರಕ್ತದ ಗುಂಪು ಹೀಗೆ ಎರಡಾಗಿ ಬರೆಯಲ್ಪಟ್ಟರೆ ಪ್ರಾಣಕ್ಕೇ ಅಪಾಯ.

ಮಾಹಿತಿಯನ್ನು ಗಣಕಯಂತ್ರಗಳಿಗೆ ಒಪ್ಪಿಸಿದ ಮಾತ್ರಕ್ಕೆ ಈ ತೊಡಕು ನೀಗಲಿಲ್ಲ. ಅದಕ್ಕೆ ಗಣಿತದಲ್ಲಿ ಪರಿಹಾರವನ್ನು ಕಂಡವರು ಎಡ್ಗರ್ ಕಾಡ್. 1923ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಇವರು ಎರಡನೆಯ ಮಹಾಯುದ್ಧದಲ್ಲಿ ವಿಮಾನ ಚಾಲಕರಾಗಿದ್ದರು. ಅನಂತರ ಅಮೆರಿಕದ ಐಬಿಎಂ ಸಂಸ್ಥೆಯನ್ನು ಸೇರಿದರು. ಗಣ ಮತ್ತು ಸಂಬಂಧಗಳ ಗಣಿತವನ್ನು ಆಧರಿಸಿ, ಮಾಹಿತಿಯನ್ನೆಲ್ಲ ಸರಳವಾದ ಕೋಷ್ಟಕಗಳಲ್ಲಿ ಜೋಡಿಸಬಹುದೆಂದು 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿಕೊಟ್ಟರು. 1981ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿಯು ಸಂದಿತು.

ಅಂದು ಬೃಹತ್ ಯಂತ್ರಗಳಿಗೆ ಮೀಸಲಾಗಿದ್ದ ಈ ವಿಧಾನವು ಇಂದು ಮನೆಯ ಗಣಕಯಂತ್ರಕ್ಕೂ ಬಂದಿದೆ. 2000ದಲ್ಲಿ ರಿಚರ್ಡ್ ಹಿಪ್ ಅವರು ರಚಿಸಿದ ಎಸ್‌ಕ್ಯೂಲೈಟ್ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಇಡೀ ದತ್ತಾಂಶ ಭಂಡಾರವನ್ನು ಅದು ಒಂದೇ ಕಡತದಲ್ಲಿ ಇಡುತ್ತದೆ. ಆದರೆ ಯಂತ್ರವನ್ನು ಮುಟ್ಟುವ ಮೊದಲು ಕಾಗದದ ಮೇಲೆ ಯೋಜನೆಯಾಗಬೇಕು. ಗ್ರಂಥಾಲಯಕ್ಕೆ ಮೂರು ಕೋಷ್ಟಕಗಳು ಸಾಕು. ಮೊದಲನೆಯದರಲ್ಲಿ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಪುಸ್ತಕಗಳು. ಪ್ರತಿಯೊಬ್ಬ ವಿದ್ಯಾರ್ಥಿಗೂ ಪುಸ್ತಕದ ಪ್ರತಿಯೊಂದು ಪ್ರತಿಗೂ ಬೇರಾವುದಕ್ಕೂ ಇಲ್ಲದ ಒಂದು ಸಂಖ್ಯೆ. ಈ ಸಂಖ್ಯೆಯೇ 'ಕೀಲಿ'. ಮೂರನೆಯ ಕೋಷ್ಟಕದಲ್ಲಿ ವಿದ್ಯಾರ್ಥಿಯ ಸಂಖ್ಯೆ, ಪುಸ್ತಕದ ಸಂಖ್ಯೆ, ಪಡೆದ ಮತ್ತು ಮರಳಿಸಿದ ದಿನಾಂಕಗಳು ಮಾತ್ರ. ವಿಳಾಸವು ಮೊದಲನೆಯ ಕೋಷ್ಟಕದಲ್ಲಿ ಒಮ್ಮೆ ಮಾತ್ರ ಇರುವುದರಿಂದ ಅದನ್ನು ಒಮ್ಮೆ ತಿದ್ದಿದರೆ ಸಾಕು.

ಇಲ್ಲದ ವಿದ್ಯಾರ್ಥಿಯ ಸಂಖ್ಯೆಯನ್ನು ಮೂರನೆಯ ಕೋಷ್ಟಕದಲ್ಲಿ ಬರೆಯಹೊರಟರೆ ಅದನ್ನು ನಿರಾಕರಿಸುವಂತೆಯೂ ಯಂತ್ರಕ್ಕೆ ನಿಯಮವನ್ನು ವಿಧಿಸಬಹುದು. "ಪುಸ್ತಕವನ್ನು ಇನ್ನೂ ಮರಳಿಸದವರು ಯಾರು?" ಎಂದು ಎಸ್‌ಕ್ಯೂಎಲ್ ಎಂಬ ಭಾಷೆಯಲ್ಲಿ ಕೇಳಿದರೆ, ಯಂತ್ರವು ಕೀಲಿಗಳ ಮೂಲಕ ಮೂರೂ ಕೋಷ್ಟಕಗಳನ್ನು ಕೂಡಿಸಿ ಕ್ಷಣಮಾತ್ರದಲ್ಲಿ ಹೆಸರುಗಳನ್ನು ನೀಡುತ್ತದೆ. ಡಿಸ್ಕ್ ಕೆಟ್ಟರೆ ಎಲ್ಲವೂ ನಷ್ಟವಾಗುವುದರಿಂದ, ಕಡತದ ನಕಲೊಂದನ್ನು ಬೇರೆಡೆ ಕಾಪಾಡುವುದು ಅವಶ್ಯಕ.

ಆದರೂ ಮೊದಲ ಸಲವೇ ತಪ್ಪು ವಿಳಾಸವನ್ನು ಬರೆದರೆ ಅದನ್ನು ಯಂತ್ರವು ಅರಿಯಲಾರದು. ದಾಖಲೆಗಳು ಒಂದಕ್ಕೊಂದು ವಿರೋಧಿಸದಂತೆ ಕೋಷ್ಟಕಗಳು ಕಾಯುತ್ತವೆ. ದಾಖಲೆಯು ಸತ್ಯವಾಗಿರುವಂತೆ ನೋಡಿಕೊಳ್ಳುವ ಹೊಣೆ ಬರೆಯುವವರದೇ.