ಮುಳ್ಳು ಮೇಲೆದ್ದರೆ ಅಲ್ಲೇ ನಿಲ್ಲಿಸು

ಮಗಳೇ, ಹೋದ ವಾರ ನಿನ್ನ ಕಾರನ್ನು ನಮ್ಮ ಹಲಸೂರು ಮನೆ ಮುಂದೆ ತಂದು ನಿಲ್ಲಿಸಿದೆಯಲ್ಲ, ನಿಮ್ಮ ದೊಡ್ಡಮ್ಮ ಆರತಿ ಎತ್ತಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ನೀವೆಲ್ಲ ಒಳಗೆ ಊಟಕ್ಕೆ ಕೂತಾಗ ನಾನು ಬಾನೆಟ್ ಎತ್ತಿ ನೋಡಿದೆ. ಕೂಲೆಂಟ್ ಡಬ್ಬಿಯ ತಳದಲ್ಲಿ ಎರಡು ಬೆರಳಿನಷ್ಟು ಕಂದು ನೀರು ಮಾತ್ರ ಇತ್ತು. ಮೊದಲ ಕಾರು ಕೊಂಡ ಸಂತೋಷದಲ್ಲಿ ನೀನಿದ್ದೆ. ಆಗ ಏನೂ ಹೇಳಬೇಕು ಅನ್ನಿಸಲಿಲ್ಲ. ಡಿಸ್ಟಿಲ್ಡ್ ವಾಟರ್ ತುಂಬಿಸಿ ಮುಚ್ಚಿದೆ. ಹೇಳಬೇಕಾದದ್ದನ್ನು ಈಗ ಕೂತು ಬರೆಯುತ್ತಿದ್ದೇನೆ. ನಲವತ್ತು ವರ್ಷ ಇದೇ ಹಲಸೂರಿನ ಗಲ್ಲಿಯಲ್ಲಿ ಗ್ಯಾರೇಜ್ ನಡೆಸಿದವನ ಮಾತು ಇದು, ಸಮಾಧಾನವಾಗಿ ಓದು.

ನೀನು ದಿನಾ ಕೆ.ಆರ್. ಪುರದಿಂದ ಇಂದಿರಾನಗರಕ್ಕೆ ಓಡಾಡುವವಳು. ತೂಗುಸೇತುವೆ ಹತ್ತಿ ಇಳಿದು ಟಿನ್ ಫ್ಯಾಕ್ಟರಿ ದಾಟುವಷ್ಟರಲ್ಲಿ ಅರ್ಧ ಗಂಟೆ ಹೋಗುವ ದಿನಗಳಿವೆ ಎಂದು ನೀನೇ ಹೇಳಿದ್ದೀಯ. ಕಾರಿಗೆ ಹೆದ್ದಾರಿಯ ಓಟಕ್ಕಿಂತ ಈ ನಿಂತಲ್ಲೇ ನಿಲ್ಲುವುದು ಕಷ್ಟ. ಪೆಟ್ರೋಲ್ ಉರಿದು ಬಂದ ಶಾಖದಲ್ಲಿ ಹೆಚ್ಚೆಂದರೆ ಮೂರನೇ ಒಂದು ಭಾಗ ಚಕ್ರ ತಿರುಗಿಸುತ್ತದೆ. ಹೆಚ್ಚುಕಮ್ಮಿ ಅಷ್ಟೇ ಶಾಖ ಎಂಜಿನ್ ಸುತ್ತ ಹರಿಯುವ ನೀರಿಗೆ ಸೇರುತ್ತದೆ, ಉಳಿದದ್ದರಲ್ಲಿ ಬಹುಪಾಲು ಸೈಲೆನ್ಸರ್ ದಾರಿ ಹಿಡಿಯುತ್ತದೆ. ಆ ನೀರಿನ ಶಾಖವನ್ನು ರೇಡಿಯೇಟರ್ ಗಾಳಿಗೆ ಬಿಡಬೇಕು. ಕಾರು ಓಡುತ್ತಿದ್ದರೆ ಎದುರು ಗಾಳಿ ತಾನಾಗಿ ನುಗ್ಗುತ್ತದೆ. ನಿಂತಾಗ ಇರುವ ಒಂದೇ ಆಸರೆ ರೇಡಿಯೇಟರ್ ಹಿಂದಿನ ಫ್ಯಾನ್. ಅದಕ್ಕೆ ಹೋಗುವ ಫ್ಯೂಸ್ ಸುಟ್ಟಿದ್ದರೆ, ರಿಲೇ ಕೈಕೊಟ್ಟಿದ್ದರೆ, ನಿನಗೆ ಗೊತ್ತಾಗುವುದು ಟಿನ್ ಫ್ಯಾಕ್ಟರಿಯ ಸಾಲಿನ ನಡುವೆಯೇ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಿಸಿಲು 39.2 ಡಿಗ್ರಿಗೆ ಏರಿತ್ತು. ಊರು ತಂಪು, ಕಾರಿಗೇನೂ ಆಗುವುದಿಲ್ಲ ಎಂದು ನಂಬಿದ್ದವರ ಕಾರುಗಳು ಆ ತಿಂಗಳು ನನ್ನ ಗ್ಯಾರೇಜಿನ ಮುಂದೆ ಸಾಲಾಗಿ ನಿಂತಿದ್ದವು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, ಸುಮಾರು 97ಕ್ಕೇ. ಎಂಜಿನ್ ಸರಿಯಾಗಿ ಕೆಲಸ ಮಾಡುವ ಬಿಸಿಯೇ ಅದರ ಹತ್ತಿರದ್ದು. ಹಾಗಾದರೆ ಒಳಗಿನ ನೀರು ಯಾಕೆ ಕುದಿಯುವುದಿಲ್ಲ? ರೇಡಿಯೇಟರ್ ಮುಚ್ಚಳದ ದೆಸೆಯಿಂದ. ಕುಕ್ಕರ್ ಮೇಲಿನ ವೆಯ್ಟ್ ಮಾಡುವ ಕೆಲಸವನ್ನೇ ಆ ಮುಚ್ಚಳದ ಸ್ಪ್ರಿಂಗ್ ಮಾಡುತ್ತದೆ. ಒತ್ತಡ ಹಿಡಿದಿಟ್ಟು, ಬರೀ ನೀರಾದರೂ 115 ಡಿಗ್ರಿ ದಾಟುವವರೆಗೆ ಕುದಿಯದಂತೆ ತಡೆಯುತ್ತದೆ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣ ವಸ್ತು, ಒಳಗಿನ ರಬ್ಬರ್ ವಾಷರ್ ಒಣಗಿ ಬಿರುಕುಬಿಟ್ಟರೆ ಒತ್ತಡ ನಿಲ್ಲುವುದಿಲ್ಲ. ನೀರು ಬೇಗ ಕುದಿಯುತ್ತದೆ, ದಿನಾ ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗುತ್ತದೆ.

ಬಿಸಿ ಇರುವಾಗ ಅದೇ ಮುಚ್ಚಳವನ್ನು ತೆಗೆದರೆ ಏನಾಗುತ್ತದೆ ಎಂಬುದು ನನ್ನ ಬಲಗೈ ಮೇಲೆ ಬರೆದಿದೆ. ಚಿಕ್ಕವಳಿದ್ದಾಗ ಈ ಕಲೆ ಏನು ದೊಡ್ಡಪ್ಪ ಎಂದು ನೀನು ಕೇಳುತ್ತಿದ್ದೆ, ನಾನು ಮಾತು ಹಾರಿಸುತ್ತಿದ್ದೆ. 1979ರಲ್ಲಿ, ನನಗೆ ಹತ್ತೊಂಬತ್ತು. ಒಂದು ಕುಟುಂಬದ ಜೊತೆ ಅಂಬಾಸಿಡರ್‌ನಲ್ಲಿ ತಿರುಪತಿಗೆ ಹೋಗಿ ವಾಪಸು ಬರುತ್ತಿದ್ದೆವು. ಚಿತ್ತೂರು ದಾಟಿ ಮೊಗಿಲಿ ಘಾಟಿ ಏರುವಾಗ ಬಾನೆಟ್ ಸಂದಿಯಿಂದ ಹಬೆ ಎದ್ದಿತು. ಗಾಡಿ ನಿಂತ ಎರಡೇ ನಿಮಿಷಕ್ಕೆ ನಾನು ಓಡಿಹೋಗಿ ಬರಿಗೈಯಲ್ಲಿ ಮುಚ್ಚಳ ತಿರುಗಿಸಿದೆ. ಮುಚ್ಚಳ ಎಲ್ಲಿ ಹಾರಿತೋ ಕಾಣಲಿಲ್ಲ. ಕುದಿನೀರು ಆಳೆತ್ತರಕ್ಕೆ ಚಿಮ್ಮಿ, ಮೊಣಕೈಯವರೆಗಿನ ಚರ್ಮ ತೋಳಿನ ಬಟ್ಟೆಗೆ ಅಂಟಿಕೊಂಡೇ ಬಂತು. ಮುಖಕ್ಕೆ ಬೀಳಲಿಲ್ಲ, ಅದು ತಿಮ್ಮಪ್ಪನ ದಯೆ. ಮುಚ್ಚಿದ ನೀರು ಒತ್ತಡದಲ್ಲಿ 110 ಡಿಗ್ರಿಯಲ್ಲೂ ಸುಮ್ಮನೆ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಬಿದ್ದು ಇದ್ದಲ್ಲೇ ಹಬೆಯಾಗುತ್ತದೆ. ಆದ್ದರಿಂದ ಎಂಜಿನ್ ಆರಿಸಿ ಮುಕ್ಕಾಲು ಗಂಟೆಯಾದರೂ ಆಗದೆ, ಮೇಲಿನ ಹೋಸ್ ಪೈಪು ಕೈಗೆ ತಣ್ಣಗೆ ಸಿಗದೆ ಮುಚ್ಚಳ ಮುಟ್ಟಕೂಡದು. ಆಮೇಲೂ ದಪ್ಪ ಬಟ್ಟೆ ಹಾಕಿ, ಕಾಲು ಸುತ್ತು ಮಾತ್ರ ತಿರುಗಿಸಿ, ಉಸ್ಸೆನ್ನುವುದು ನಿಂತ ಮೇಲೆ ಪೂರ್ತಿ ತೆಗೆಯಬೇಕು.

ಈಗ ನೀರಿನ ಮಾತು. ನಿಮ್ಮ ಅಪಾರ್ಟ್‌ಮೆಂಟಿಗೆ ಬರುವುದು ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ನಿನ್ನ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿ ಎರಡು ಸಲ ಬದಲಿಸಿದೆ ಎಂದೆಯಲ್ಲ, ಅದೇ ನೀರನ್ನು ಕಾರಿಗೆ ಸುರಿದರೆ ಒಳಗೂ ಅದೇ ಆಗುತ್ತದೆ. ಒಮ್ಮೆ ಪದೇ ಪದೇ ಬಿಸಿಯಾಗುತ್ತಿದ್ದ ಕಾರಿನ ರೇಡಿಯೇಟರ್ ಕೊಯ್ದು ನೋಡಿದ್ದೆ. ಮೂರು ವರ್ಷ ಬರೀ ನಲ್ಲಿ ನೀರು ಕುಡಿದಿತ್ತು. ನೀರು ಹರಿಯಬೇಕಾದ ಚಪ್ಪಟೆ ಕೊಳವೆಗಳು ಒಂದೊಂದೂ ಬಟ್ಟೆಯ ಗುಂಡಿ ತೂರುವ ಕಿಂಡಿಯಷ್ಟೇ ಸಣ್ಣವು; ಅರ್ಧಕ್ಕರ್ಧ ಕೊಳವೆಗಳಲ್ಲಿ ಸುಣ್ಣದಂಥ ಗಟ್ಟಿ ಕಲ್ಲು, ಕೆಳಗಿನ ಸಾಲಿನಲ್ಲಿ ತುಕ್ಕಿನ ಕೆಸರು. ಸೂಜಿ ಚುಚ್ಚಿದರೂ ಒಳಗೆ ಹೋಗಲಿಲ್ಲ. ಹೊರಗಿನಿಂದ ಆ ರೇಡಿಯೇಟರ್ ಹೊಳೆಯುತ್ತಿತ್ತು.

ಬೆಂಗಳೂರಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಯಾಕೆ ಬೇಕು ಎನ್ನುವ ಮೆಕ್ಯಾನಿಕ್‌ಗಳು ಈಗಲೂ ಇದ್ದಾರೆ. ಅವರ ಮಾತು ಕೇಳಬೇಡ. ಹೆಪ್ಪುಗಟ್ಟದಂತೆ ನೋಡುವುದು ಕೂಲೆಂಟಿನ ಒಂದು ಕೆಲಸ ಮಾತ್ರ. ಅದು ಕುದಿಯುವ ಮಟ್ಟವನ್ನು ಏರಿಸುತ್ತದೆ, ತುಕ್ಕು ತಡೆಯುತ್ತದೆ, ವಾಟರ್ ಪಂಪಿನ ಸೀಲ್ ಕಾಯುತ್ತದೆ. ಡಬ್ಬಿಯಲ್ಲಿ ಕೊಂಡದ್ದು ಗಟ್ಟಿಯದೋ, ನೀರು ಬೆರೆಸಿದ್ದೋ ಓದಿ ನೋಡು. ಗಟ್ಟಿಯದಾದರೆ ಕಂಪನಿಯ ಪುಸ್ತಕ ಹೇಳಿದ ಪ್ರಮಾಣಕ್ಕೆ, ಸಾಮಾನ್ಯವಾಗಿ ಸಮಸಮ, ಡಿಸ್ಟಿಲ್ಡ್ ವಾಟರ್ ಸೇರಿಸಬೇಕು. ಹಸಿರಿಗೆ ಕೆಂಪು ಬೆರೆಸಬೇಡ, ಬಣ್ಣ ಒಂದೇ ಆದ ಮಾತ್ರಕ್ಕೆ ಜಾತಿ ಒಂದೇ ಅಂತಲೂ ತಿಳಿಯಬೇಡ. ಹಳೇ ಕೂಲೆಂಟನ್ನು ಚರಂಡಿಗೆ ಬಿಡುವುದು ಪಾಪದ ಕೆಲಸ. ಅದು ವಿಷ, ಆದರೆ ರುಚಿ ಸಿಹಿ. ಬೀದಿನಾಯಿ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಕ್ಯಾನಿಗೆ ತುಂಬಿ ಸರ್ವಿಸ್ ಸೆಂಟರಿಗೆ ಕೊಡು.

ಬಿಸಿ ಯಾವಾಗ ಏರುತ್ತದೆ ಎಂದು ಗಮನಿಸಿದರೆ ರೋಗ ಅರ್ಧ ಗೊತ್ತಾದಂತೆ. ಜಾಮ್‌ನಲ್ಲಿ ಏರಿ, ಓಡಿದಾಗ ಇಳಿದರೆ ಮೊದಲು ಫ್ಯಾನ್ ನೋಡಿಸು. ಹೊಸಕೋಟೆ ಕಡೆ ವೇಗವಾಗಿ ಹೋಗುವಾಗ, ನಂದಿ ಬೆಟ್ಟ ಏರುವಾಗ ಬಿಸಿಯಾಗಿ, ನಿಂತಾಗ ಇಳಿದರೆ ರೇಡಿಯೇಟರ್ ಕಟ್ಟಿರಬಹುದು, ಇಲ್ಲವೇ ಬಿಸಿ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿರಲಿಕ್ಕಿಲ್ಲ. ಥರ್ಮೋಸ್ಟಾಟ್ ಕೆಟ್ಟಿದೆ, ತೆಗೆದುಹಾಕಿಬಿಡ್ತೀನಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡ. ಅದಿಲ್ಲದ ಎಂಜಿನ್ ಬೇಗ ಬಿಸಿಯಾಗದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಹೊಸದು ಹಾಕಿಸು.

ಇಷ್ಟೆಲ್ಲ ಬರೆದದ್ದು ಮುಂದಿನ ಒಂದು ಮಾತಿಗಾಗಿ. ಪೈಪು ಒಡೆದು, ಪಂಪು ಕೆಟ್ಟು ಎಂಜಿನ್ ಹಾಳಾಗಿ ನನ್ನ ಬಳಿ ಬಂದ ಗಾಡಿಗಳು ಕಡಿಮೆ. ಬಿಸಿಯಾದದ್ದು ಗೊತ್ತಾದ ಮೇಲೂ ಓಡಿಸಿದ್ದರಿಂದ ಹಾಳಾದವೇ ಹೆಚ್ಚು. ಒಬ್ಬ ಹುಡುಗ, ನಿನ್ನದೇ ವಯಸ್ಸು. ಬೆನ್ನಿಗಾನಹಳ್ಳಿ ಹತ್ತಿರ, ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಮುಟ್ಟಿದ್ದನ್ನು ನೋಡಿದ. ಇನ್ನು ಮೂರು ನಾಲ್ಕು ಕಿಲೋಮೀಟರ್ ಅಷ್ಟೇ, ಇಂದಿರಾನಗರದ ಮನೆ ತಲುಪಿಬಿಡೋಣ ಎಂದು ಬಿಟ್ಟ. ಸ್ವಲ್ಪ ದೂರ ಹೋದ ಮೇಲೆ ಮುಳ್ಳು ತಾನಾಗಿ ಇಳಿಯಿತು, ಅವನಿಗೆ ನೆಮ್ಮದಿಯೂ ಆಯಿತು. ಇಳಿದದ್ದು ಯಾಕೆಂದರೆ ಸೆನ್ಸರ್ ಮುಳುಗಿರಬೇಕಾದ ನೀರೇ ಅಲ್ಲಿರಲಿಲ್ಲ. ಮನೆ ಸೇರುವ ಮೊದಲೇ ಎಂಜಿನ್ ಸೀಜ್ ಆಯಿತು. ಬಿಚ್ಚಿದಾಗ ಹೆಡ್ ಬೆಂಡ್ ಆಗಿತ್ತು, ಗ್ಯಾಸ್ಕೆಟ್ ಸುಟ್ಟಿತ್ತು, ಆಯಿಲ್ ಹಾಲು ಹಾಕಿದ ಕಾಫಿಯಂತಾಗಿತ್ತು. ಇಷ್ಟಕ್ಕೆಲ್ಲ ಮೂಲ ಸಡಿಲಾಗಿದ್ದ ಒಂದು ಹೋಸ್ ಕ್ಲಿಪ್, ನೂರು ರೂಪಾಯಿಯೊಳಗಿನ ಸಾಮಾನು. ಆ ಕಾರು ಮತ್ತೆ ರಸ್ತೆಗೆ ಇಳಿಯಲಿಲ್ಲ. ಸಾಲದ ಕಂತು ಮಾತ್ರ ಇನ್ನೂ ಎರಡು ವರ್ಷ ಬಾಕಿಯಿತ್ತು.

ಆದ್ದರಿಂದ ಮುಳ್ಳು ನಡುವಿನಿಂದ ಮೇಲೆದ್ದರೆ ಕೂಡಲೇ ಏಸಿ ಆರಿಸು, ಕಿಟಕಿ ಇಳಿಸಿ ಹೀಟರ್ ಪೂರ್ತಿ ಹಾಕು. ಸೆಕೆಯಾಗಲಿ, ಎಂಜಿನ್‌ನ ಶಾಖ ಸ್ವಲ್ಪ ಆ ದಾರಿಯಲ್ಲಿ ಹೊರಬರುತ್ತದೆ. ಹೀಟರ್ ಹಾಕಿದರೂ ತಣ್ಣನೆ ಗಾಳಿ ಬಂದರೆ ನೀರು ಖಾಲಿ ಎಂದೇ ತಿಳಿ. ಹತ್ತಿರದ ಅಂಚಿಗೆ ತಂದು ಎಂಜಿನ್ ನಿಲ್ಲಿಸು. ನಿನ್ನ ಕಾರಿಗೆ ಮುಳ್ಳಿಲ್ಲದೆ ಕೆಂಪು ದೀಪ ಮಾತ್ರ ಇದ್ದರೆ, ಅದು ಹೊತ್ತುವಷ್ಟರಲ್ಲಿ ತಡವಾಗಿದೆ. ಒಂದು ನಿಮಿಷವೂ ಕಾಯಬೇಡ. ಬಿಸಿ ಎಂಜಿನ್‌ಗೆ ತಣ್ಣೀರು ಸುರಿಯಬೇಡ, ಬಿರುಕು ಬಿಡುತ್ತದೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಬೈಯುತ್ತಾರೆ, ಬೈಯಲಿ. 2023ರ ಅಕ್ಟೋಬರ್‌ನಿಂದ ನಿನ್ನ ದಾರಿಯುದ್ದಕ್ಕೂ ಮೆಟ್ರೊ ಇದೆ. ಕಾರನ್ನು ಟೋಯಿಂಗ್‌ನವರಿಗೆ ಒಪ್ಪಿಸಿ ಬೆನ್ನಿಗಾನಹಳ್ಳಿಯಲ್ಲೋ ಬೈಯಪ್ಪನಹಳ್ಳಿಯಲ್ಲೋ ರೈಲು ಹತ್ತಿದರೆ ಆಫೀಸಿಗೆ ಹೊತ್ತಾಗುವುದೂ ಇಲ್ಲ.

ದುಡ್ಡು ಉಳಿಸಲು ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೋಗುವೆಯಾದರೆ ಕನ್ನಡಿ ತಾ, ಡೋರ್ ಹ್ಯಾಂಡಲ್ ತಾ. ನಾನೂ ಅಲ್ಲಿಂದ ಎಷ್ಟೋ ಒಳ್ಳೇ ಸಾಮಾನು ತಂದಿದ್ದೇನೆ. ರೇಡಿಯೇಟರ್ ಮುಚ್ಚಳ, ಹೋಸ್, ಬೆಲ್ಟ್ ಮಾತ್ರ ಹಳೇದು ಕೊಳ್ಳಬೇಡ. ಕಂಟೋನ್ಮೆಂಟ್ ಕಡೆ ಮರದ ಕೆಳಗೆ ಕಾರು ನಿಲ್ಲಿಸಿದರೆ ಹೂವು, ಎಲೆ ಉದುರಿ ಏಸಿ ಜಾಲರಿಗೂ ರೇಡಿಯೇಟರಿಗೂ ನಡುವೆ ಸೇರಿಕೊಳ್ಳುತ್ತವೆ. ಮೆಟ್ರೊ ಕಾಮಗಾರಿಯ ಧೂಳೂ ಅಷ್ಟೇ. ಪೈಪಿನ ನೀರನ್ನು ಎಂಜಿನ್ ಕಡೆಯಿಂದ ಮೆಲ್ಲಗೆ ಬಿಟ್ಟು ತೊಳೆಸು, ಪ್ರೆಶರ್ ವಾಷ್ ಹೊಡೆಸಿದರೆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಬಾನೆಟ್ ಎತ್ತಿ ಡಬ್ಬಿಯ ಎರಡು ಗೆರೆಗಳ ನಡುವೆ ಕೂಲೆಂಟ್ ಇದೆಯೇ ನೋಡು. ಕಾರಿನ ಕೆಳಗೆ ಬಣ್ಣದ ಹನಿ ಬಿದ್ದಿದೆಯೇ ಬಗ್ಗಿ ನೋಡು. ಆಮೇಲೆ ಎಂಜಿನ್ ಚಾಲೂ ಮಾಡಿ ಏಸಿ ಹಾಕಿದರೆ ಫ್ಯಾನ್ ತಿರುಗುವ ಸದ್ದು ಕೇಳಬೇಕು. ಐದು ನಿಮಿಷದ ಕೆಲಸ. ನಾನು ತುಂಬಿಸಿದ್ದು ಮೇಲಿನ ಗೆರೆಯವರೆಗೆ. ಈ ಭಾನುವಾರ ನೋಡಿ, ಎಷ್ಟಿದೆ ಅಂತ ನನಗೊಂದು ಫೋನ್ ಮಾಡು. ಒಂದು ಬೆರಳಿನಷ್ಟು ಇಳಿದಿದ್ದರೂ ಸೋಮವಾರ ಕಾರು ತೆಗೆಯಬೇಡ, ನಾನೇ ಬರುತ್ತೇನೆ.