ಅತಿಥಿ ಗಣಕಕ್ಕೆ ಯು.ಎಸ್.ಬಿ. ಸಾಧನವನ್ನು ಜೋಡಿಸುವ ಕ್ರಮ



ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡವನ್ನೂ ಹೊರಗೆ ತಮಿಳನ್ನೂ ನುಡಿಯುವ ದೇವಾಂಗ ನೇಕಾರ ಕುಟುಂಬಗಳು ಅನೇಕ. ಮಗ್ಗ ಬಿಟ್ಟು ತಿರುಪ್ಪೂರಿನ ಬನಿಯನ್ ಉದ್ಯಮವನ್ನೂ ಗಣಕ ಕಸೂತಿಯನ್ನೂ ಸೇರಿದ ನಮ್ಮ ಹಳೆಯ ವಿದ್ಯಾರ್ಥಿಗಳು ಒಂದು ತೊಡಕನ್ನು ನನ್ನೊಡನೆ ಹೇಳಿಕೊಂಡಿದ್ದುಂಟು. ಕನ್ನಡ ಮಾಧ್ಯಮದಲ್ಲೇ ಓದಿದ ನಾನು, ಇಂತಹ ವಿಷಯವನ್ನೂ ಕನ್ನಡದಲ್ಲಿ ತಿಳಿಸಬಹುದೆಂಬ ನಂಬಿಕೆಯಿಂದ ಈ ಪಾಠವನ್ನು ಬರೆಯುತ್ತಿದ್ದೇನೆ.

ತೊಡಕು ಇಷ್ಟು: ಕಸೂತಿ ವಿನ್ಯಾಸದ ಕೆಲವು ತಂತ್ರಾಂಶಗಳು ಯು.ಎಸ್.ಬಿ. ಬೀಗದ ಕೈಯನ್ನು (ಡಾಂಗಲ್) ಚುಚ್ಚಿದ ಹೊರತು ತೆರೆಯವು. ಹಳೆಯವು ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ನಡೆಯುತ್ತವೆ. ಹಳೆಯ ಗಣಕ ಕೆಟ್ಟರೆ ಹತ್ತಾರು ವರ್ಷಗಳ ವಿನ್ಯಾಸಗಳೂ ಅವುಗಳನ್ನು ನಂಬಿದ ಜೀವನೋಪಾಯವೂ ಸಿಕ್ಕಿಬೀಳುತ್ತವೆ.

ಪರಿಹಾರವೇ ವರ್ಚುವಲ್ ಮೆಷೀನ್. ಇದು ಹೊಸ ಗಣಕದೊಳಗೆ ತಂತ್ರಾಂಶದಿಂದ ರಚಿಸಿದ ಮತ್ತೊಂದು ಗಣಕ. ಹೊರಗಿನದು ಆತಿಥೇಯ, ಒಳಗಿನದು ಅತಿಥಿ. ಅತಿಥಿಯ ಪರದೆ, ಡಿಸ್ಕ್ ಮೊದಲಾದವು ಕಲ್ಪಿತ. ಬೀಗದ ಕೈ ಮಾತ್ರ ನಿಜವಾದದ್ದು. ಆದುದರಿಂದ ಅದನ್ನು ಆತಿಥೇಯನಿಂದ ಪಡೆದು ಅತಿಥಿಗೆ ಒಪ್ಪಿಸಬೇಕು. ಒಂದೇ ಲಾಳಿ ಏಕಕಾಲದಲ್ಲಿ ಎರಡು ಮಗ್ಗಗಳಲ್ಲಿ ಓಡಲಾರದು. ಹಾಗೆಯೇ ಸಾಧನವು ಅತಿಥಿಯ ಬಳಿ ಇರುವಷ್ಟು ಹೊತ್ತು ಆತಿಥೇಯನಿಗೆ ಕಾಣದು.

ವರ್ಚುವಲ್‌ಬಾಕ್ಸ್ ತಂತ್ರಾಂಶದಲ್ಲಿ ಕ್ರಮ ಹೀಗಿದೆ:

1. ಅತಿಥಿ ಗಣಕವನ್ನು ನಿಲ್ಲಿಸಿ, ಅದರ ಸೆಟ್ಟಿಂಗ್ಸ್‌ನಲ್ಲಿ ಯು.ಎಸ್.ಬಿ. ನಿಯಂತ್ರಕವನ್ನು ಸಕ್ರಿಯಗೊಳಿಸಿರಿ. ಎಕ್ಸ್‌ಪಿಗೆ 3.0ರ ಚಾಲಕ ತಂತ್ರಾಂಶ ಅಂತರ್ಗತವಾಗಿಲ್ಲ, 1.1 ಅಥವಾ 2.0 ಆರಿಸಿರಿ. 2022ರಲ್ಲಿ ಬಂದ 7.0 ಆವೃತ್ತಿಗಿಂತ ಹಿಂದಿನವುಗಳಲ್ಲಿ 2.0ಕ್ಕೆ ಎಕ್ಸ್‌ಟೆನ್ಶನ್ ಪ್ಯಾಕ್ ಬೇಕು.

2. ಸಾಧನವನ್ನು ಚುಚ್ಚಿ, ಅದರ ಹೆಸರಿನಲ್ಲಿ ಒಂದು ಫಿಲ್ಟರ್ ಸೇರಿಸಿರಿ. ಪ್ರತಿ ಸಾಧನಕ್ಕೂ ತಯಾರಕ ಸಂಖ್ಯೆ, ಉತ್ಪನ್ನ ಸಂಖ್ಯೆ ಎಂಬ ನಾಲ್ಕು ನಾಲ್ಕು ಅಂಕಿಗಳ ಷೋಡಶಮಾನ ಗುರುತುಗಳಿವೆ. ಸಾಧನವನ್ನು ಗುರುತಿಸಲು ಇವು ಫಿಲ್ಟರ್‌ಗೆ ನೆರವಾಗುತ್ತವೆ.

3. ಆತಿಥೇಯ ಲಿನಕ್ಸ್ ಆಗಿದ್ದರೆ, ಬಳಕೆದಾರರನ್ನು ‘ವಿಬಾಕ್ಸ್‌ಯೂಸರ್ಸ್’ ಗುಂಪಿಗೆ ಸೇರಿಸಿ, ಲಾಗ್ ಔಟ್ ಆಗಿ ಮರಳಿ ಪ್ರವೇಶಿಸಬೇಕು.

4. ಅತಿಥಿಯನ್ನು ಪ್ರಾರಂಭಿಸಿರಿ. ಸಾಧನ ತಾನಾಗಿ ಸೇರದಿದ್ದರೆ ಡಿವೈಸಸ್ ಪಟ್ಟಿಯ ಯು.ಎಸ್.ಬಿ. ವಿಭಾಗದಲ್ಲಿ ಅದನ್ನು ಗುರುತು ಮಾಡಿರಿ. ಬಳಿಕ ಅದರ ಚಾಲಕ ತಂತ್ರಾಂಶವನ್ನು ಅತಿಥಿಯೊಳಗೇ ಸ್ಥಾಪಿಸಿರಿ.

ಮೂರು ಎಚ್ಚರಿಕೆಗಳನ್ನು ಮರೆಯಬಾರದು. ಕೀಲಿಮಣೆ, ಮೌಸ್‌ಗಳನ್ನು ಅತಿಥಿಗೆ ಒಪ್ಪಿಸಿದರೆ ಆತಿಥೇಯ ಗಣಕ ಕೈತಪ್ಪುತ್ತದೆ. ಪೆನ್‌ಡ್ರೈವ್ ಆದರೆ, ಆತಿಥೇಯದಲ್ಲಿ ಬಿಡಿಸಿದ ಮೇಲೆಯೇ ಅತಿಥಿಗೆ ಕೊಡಬೇಕು. ಬರೆಯುತ್ತಿರುವಾಗ ಕಿತ್ತರೆ ಕಡತಗಳು ಕೆಡಬಹುದು. 2014ರ ಏಪ್ರಿಲ್ 8ರಂದು ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ ನಿಂತಿತು. ಆದ್ದರಿಂದ ಅಂತಹ ಅತಿಥಿಗೆ ಅಂತರ್ಜಾಲ ಸಂಪರ್ಕ ಸಲ್ಲದು.

ಬೀಗದ ಕೈ ಕಳೆದರೆ ಈ ವಿದ್ಯೆಯೂ ನೆರವಾಗದು. ಆದುದರಿಂದ ತಂತ್ರಾಂಶ ತೆರೆದ ದಿನವೇ ವಿನ್ಯಾಸಗಳನ್ನು ಕಸೂತಿ ಯಂತ್ರವು ನೇರವಾಗಿ ಓದುವ ರೂಪದಲ್ಲಿಯೂ ಉಳಿಸಿ, ಬೇರೆಡೆ ಒಂದು ಪ್ರತಿ ಇರಿಸಿರಿ. ಹಿರಿಯರು ಮಗ್ಗವನ್ನು ಕಾಪಾಡಿದ ಶ್ರದ್ಧೆಯಿಂದ ಕಿರಿಯರು ತಮ್ಮ ಕೃತಿಗಳನ್ನು ಕಾಪಾಡಲೆಂದು ಹಾರೈಸುತ್ತೇನೆ.