ಮನೆಯಲ್ಲಿ ಧ್ವನಿಮುದ್ರಣ: ಕಂಪ್ಯೂಟರಿನಲ್ಲಿ ಎದುರಾಗುವ ದೋಷಗಳು ಮತ್ತು ಪರಿಹಾರ

ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ

ಪೀಠಿಕೆ

ಗ್ರಾಮಸಭೆಯ ದಿನಾಂಕ, ನೀರು ಪೂರೈಕೆಯಲ್ಲಿನ ವ್ಯತ್ಯಯ, ತೆರಿಗೆ ಪಾವತಿಯ ಗಡುವು, ಲಸಿಕಾ ಶಿಬಿರ ಮುಂತಾದ ವಿಷಯಗಳನ್ನು ಹಿಂದೆ ಡಂಗುರ ಸಾರಿ ತಿಳಿಸಲಾಗುತ್ತಿತ್ತು. ಇಂದು ಅಂತಹ ಪ್ರಕಟಣೆಗಳನ್ನು ಧ್ವನಿಮುದ್ರಿಸಿ, ಸ್ವಚ್ಛ ವಾಹಿನಿಯ ಧ್ವನಿವರ್ಧಕದ ಮೂಲಕವೂ ವಾಟ್ಸ್‌ಆ್ಯಪ್ ಗುಂಪುಗಳ ಮೂಲಕವೂ ಬಿತ್ತರಿಸಲು ಸಾಧ್ಯವಿದೆ. ಇದಕ್ಕೆ ಸ್ಟುಡಿಯೊ ಬೇಕಿಲ್ಲ. ಮನೆಯ ಒಂದು ಕೋಣೆ, ಕಂಪ್ಯೂಟರ್ ಮತ್ತು ಸಾಧಾರಣ ಮೈಕ್ ಸಾಕು.

ಆದರೆ ಪ್ರಕಟಣೆಯಲ್ಲಿ ದಿನಾಂಕವೊಂದು ಸ್ಪಷ್ಟವಾಗಿ ಕೇಳಿಸದಿದ್ದರೆ ಅದರ ಪರಿಣಾಮ ಸಣ್ಣದಲ್ಲ. ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆಯನ್ನು ಚರ್ಚಿಸುವ ಗ್ರಾಮಸಭೆಗೆ, ಓದುಬರಹ ಬಾರದ ಅರ್ಹರೊಬ್ಬರು ದಿನ ತಪ್ಪಿ ಬಂದರೆ, ತಮ್ಮ ಮಾತನ್ನು ಸಭೆಯ ಮುಂದಿಡುವ ಅವಕಾಶವನ್ನೇ ಕಳೆದುಕೊಳ್ಳುತ್ತಾರೆ. ಸೂಚನಾ ಫಲಕವನ್ನು ಓದಲಾಗದವರಿಗೆ ಕಿವಿಗೆ ಬಿದ್ದ ಮಾತೇ ನೋಟಿಸು.

ಈ ಪಾಠದ ಮೂಲ ತತ್ವ ಒಂದೇ. ಮುದ್ರಣದ ವೇಳೆ ಕಳೆದುಹೋದ ಧ್ವನಿಯನ್ನು ಸಂಪಾದನೆಯಿಂದ ಮರಳಿ ತರಲಾಗದು. ಆದ್ದರಿಂದ ದೋಷವನ್ನು ಅದು ಹುಟ್ಟುವ ಜಾಗದಲ್ಲೇ ಸರಿಪಡಿಸತಕ್ಕದ್ದು. ಇಲ್ಲಿನ ಉದಾಹರಣೆಗಳು 2000ನೇ ಇಸವಿಯಲ್ಲಿ ಬಿಡುಗಡೆಯಾದ, ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಉಚಿತವಾಗಿ ಬಳಸಬಹುದಾದ ಅಡಾಸಿಟಿ ಎಂಬ ಮುಕ್ತ ತಂತ್ರಾಂಶವನ್ನು ಆಧರಿಸಿವೆ.

1. ಧ್ವನಿ ದಾಖಲಾಗದಿರುವುದು

ಪರದೆಯ ಮೇಲೆ ನೇರ ಗೆರೆ ಮಾತ್ರ ಮೂಡಿದರೆ ಈ ಕ್ರಮದಲ್ಲಿ ಪರಿಶೀಲಿಸಬೇಕು.

(ಅ) ಅಡಾಸಿಟಿಯಲ್ಲಿ ಮುದ್ರಣದ ಸಾಧನವಾಗಿ ಸರಿಯಾದ ಮೈಕ್ ಆಯ್ಕೆಯಾಗಿದೆಯೇ ಎಂದು ನೋಡುವುದು. ತಂತ್ರಾಂಶವನ್ನು ತೆರೆದ ಮೇಲೆ ಮೈಕ್ ಜೋಡಿಸಿದ್ದರೆ ಅದು ಪಟ್ಟಿಯಲ್ಲಿ ಕಾಣಿಸದೆ ಇರಬಹುದು. ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಬೇಕು.

(ಆ) ವಿಂಡೋಸ್ ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಮೈಕ್ರೊಫೋನ್ ಬಳಕೆಗೆ ಅನುಮತಿ ಇದೆಯೇ ಎಂದು ನೋಡುವುದು.

(ಇ) ಮೊಬೈಲ್ ಇಯರ್‌ಫೋನಿನ ಪಿನ್ನಿನಲ್ಲಿ ಮೂರು ಕಪ್ಪು ಅಥವಾ ಬಿಳಿ ಉಂಗುರಗಳಿರುತ್ತವೆ. ಮೈಕ್‌ಗೆ ಮತ್ತು ಸ್ಪೀಕರ್‌ಗೆ ಪ್ರತ್ಯೇಕ ರಂಧ್ರಗಳಿರುವ ಕಂಪ್ಯೂಟರಿನಲ್ಲಿ ಅದರ ಮೈಕ್ ನೇರವಾಗಿ ಕೆಲಸ ಮಾಡದು. ಎರಡು ಕವಲಿನ ಜೋಡಕ ತಂತಿ ಅಥವಾ ಯುಎಸ್‌ಬಿ ಮೈಕ್ ಬಳಸಬೇಕು.

2. ಧ್ವನಿ ಒಡೆಯುವುದು

ಮೈಕ್‌ನ ಮಟ್ಟ ಅತಿಯಾದಾಗ ಧ್ವನಿತರಂಗದ ತುದಿಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಕೇಳುವಾಗ ಮಾತು ಕರಕರ ಎನ್ನುತ್ತದೆ. ಮಾಪಕದಲ್ಲಿ 0 ಡೆಸಿಬೆಲ್ ಎಂಬುದು ಗರಿಷ್ಠ ಮಿತಿ. ಗಟ್ಟಿಯಾಗಿ ಮಾತನಾಡಿದಾಗಲೂ ಸೂಚಕವು ಮೈನಸ್ 12 ಮತ್ತು ಮೈನಸ್ 6ರ ನಡುವೆ ಇರುವಂತೆ ಮಟ್ಟವನ್ನು ಇಳಿಸತಕ್ಕದ್ದು. ತಗ್ಗಿದ ಧ್ವನಿಯನ್ನು ನಂತರ ಏರಿಸಬಹುದು; ಒಡೆದ ಧ್ವನಿಯನ್ನು ಪೂರ್ಣವಾಗಿ ಕೂಡಿಸಲಾಗದು.

‘ಪಂಚಾಯಿತಿ’, ‘ಫಲಾನುಭವಿ’ ಮುಂತಾದ ಪದಗಳನ್ನು ಉಚ್ಚರಿಸುವಾಗ ಬಾಯಿಯಿಂದ ಹೊರಡುವ ಗಾಳಿ ಮೈಕ್‌ಗೆ ಬಡಿದು ‘ಢಬ್’ ಎಂಬ ಸದ್ದಾಗುತ್ತದೆ. ಮೈಕ್ ಅನ್ನು ಬಾಯಿಗೆ ನೇರವಾಗಿ ಹಿಡಿಯದೆ, ಒಂದು ಗೇಣು ದೂರದಲ್ಲಿ ಸ್ವಲ್ಪ ಓರೆಯಾಗಿ ಇರಿಸಿದರೆ ಈ ದೋಷ ಬಹುಮಟ್ಟಿಗೆ ಇಲ್ಲವಾಗುತ್ತದೆ.

3. ಮಾರ್ದನಿ ಮತ್ತು ಗುಂಯ್‌ಗುಡುವ ಸದ್ದು

ಮೈಕ್‌ನ ದೂರ ಇಮ್ಮಡಿಯಾದರೆ ಬಾಯಿಂದ ನೇರವಾಗಿ ಬರುವ ಧ್ವನಿ ಸುಮಾರು 6 ಡೆಸಿಬೆಲ್ ತಗ್ಗುತ್ತದೆ. ಗೋಡೆಗಳಿಂದ ಮರಳುವ ಮಾರ್ದನಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಖಾಲಿ ಕೋಣೆಯಲ್ಲಿ ಮುದ್ರಿಸಿದ ಮಾತು ಬಾವಿಯೊಳಗಿಂದ ಬಂದಂತೆ ಕೇಳಿಸಲು ಇದೇ ಕಾರಣ. ಹಾಸಿಗೆ, ಬಟ್ಟೆಯ ಕಪಾಟು ಇರುವ ಕೋಣೆಯನ್ನು ಆರಿಸಿ, ಎದುರಿನ ಗೋಡೆಗೆ ದಪ್ಪ ಕಂಬಳಿ ತೂಗುಹಾಕಿದರೆ ಮಾರ್ದನಿ ಕಡಿಮೆಯಾಗುತ್ತದೆ.

ನಿರಂತರವಾಗಿ ಗುಂಯ್‌ಗುಡುವ ಸದ್ದು ಸಾಮಾನ್ಯವಾಗಿ ಸೆಕೆಂಡಿಗೆ 50 ಆವರ್ತನಗಳ ವಿದ್ಯುತ್ ಪ್ರವಾಹದಿಂದ ಬರುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು, ಬ್ಯಾಟರಿಯಲ್ಲೇ ಮುದ್ರಿಸಿ ನೋಡಬೇಕು. ಆಗ ಸದ್ದು ನಿಂತರೆ ದೋಷ ಚಾರ್ಜರ್‌ನಲ್ಲಿ ಅಥವಾ ಭೂಸಂಪರ್ಕದಲ್ಲಿ ಇರುವ ಸಾಧ್ಯತೆ ಹೆಚ್ಚು. ಸದ್ದು ತಪ್ಪಿಸಲೆಂದು ಪ್ಲಗ್ಗಿನ ಅರ್ಥಿಂಗ್ ಪಿನ್ ಕೀಳುವುದು ಪ್ರಾಣಾಪಾಯಕಾರಿ, ಹಾಗೆ ಮಾಡಕೂಡದು. ಮುದ್ರಣದ ಅವಧಿಯಲ್ಲಿ ಫ್ಯಾನ್ ನಿಲ್ಲಿಸುವುದು ಅಗತ್ಯ.

4. ಮಾತು ತುಂಡಾಗುವುದು, ವೇಗ ಬದಲಾಗುವುದು

ಮಾತಿನ ನಡುವೆ ಅಕ್ಷರಗಳು ಹಾರಿಹೋದರೆ ಕಂಪ್ಯೂಟರಿನ ಮೇಲೆ ಹೊರೆ ಹೆಚ್ಚಾಗಿದೆ ಎಂದರ್ಥ. ಬೇರೆ ತಂತ್ರಾಂಶಗಳನ್ನು ಮುಚ್ಚಬೇಕು. ಧ್ವನಿ ತೆಳುವಾಗಿ ವೇಗವಾಗಿ ಕೇಳಿಸಿದರೆ, ಸೆಕೆಂಡಿಗೆ 44,100 ಮಾದರಿಗಳಂತೆ ಮುದ್ರಿಸಿದ್ದನ್ನು 48,000 ಎಂದು ಭಾವಿಸಿ ನುಡಿಸಲಾಗುತ್ತಿರಬಹುದು. ಆಗ ವೇಗ ಶೇಕಡಾ 9ರಷ್ಟು ಹೆಚ್ಚುತ್ತದೆ. ಟ್ರ್ಯಾಕ್‌ನ ರೇಟ್ ಅನ್ನು ಸರಿಯಾದ ಸಂಖ್ಯೆಗೆ ಬದಲಿಸಿದರೆ ಧ್ವನಿ ಸಹಜವಾಗುತ್ತದೆ.

5. ಸಂಪಾದನೆ

ಮಾತು ಆರಂಭಿಸುವ ಮೊದಲು ಐದು ಸೆಕೆಂಡು ಮೌನವಾಗಿದ್ದು ಕೋಣೆಯ ಸದ್ದನ್ನಷ್ಟೇ ಮುದ್ರಿಸಬೇಕು. ಆ ಭಾಗವನ್ನು ಆಯ್ದು, ನಾಯ್ಸ್ ರಿಡಕ್ಷನ್ ಆಯ್ಕೆಯಲ್ಲಿ ಗೆಟ್ ನಾಯ್ಸ್ ಪ್ರೊಫೈಲ್ ಒತ್ತಿ, ನಂತರ ಇಡೀ ಮುದ್ರಣಕ್ಕೆ ಅನ್ವಯಿಸಬಹುದು. ಪ್ರಮಾಣವು 6ರಿಂದ 12 ಡೆಸಿಬೆಲ್‌ನೊಳಗೆ ಇರಲಿ. ಮಿತಿಮೀರಿದರೆ ಮಾತು ನೀರಿನಡಿಯಿಂದ ಬಂದಂತಾಗುತ್ತದೆ.

ಪ್ರಕಟಣೆಯ ಹಿನ್ನೆಲೆಗೆ ಸಂಗೀತ ಸೇರಿಸದಿರುವುದು ಉತ್ತಮ. ವಾಹನದ ಎಂಜಿನ್ ಸದ್ದಿನ ನಡುವೆ ಸಂಗೀತವು ಮಾತನ್ನೇ ಮುಚ್ಚಿಬಿಡುತ್ತದೆ. ದಿನಾಂಕ, ವೇಳೆ ಮತ್ತು ಸ್ಥಳವನ್ನು ಎರಡು ಬಾರಿ ಹೇಳತಕ್ಕದ್ದು.

6. ಕಡತ ಉಳಿಸುವುದು

ಸೇವ್ ಪ್ರಾಜೆಕ್ಟ್ ಮಾಡಿದ ಕಡತವು ಅಡಾಸಿಟಿಯಲ್ಲಿ ಮಾತ್ರ ತೆರೆಯುತ್ತದೆ. ಪೆನ್‌ಡ್ರೈವಿಗೆ ಹಾಕಿದ ಪ್ರಕಟಣೆ ವಾಹನದಲ್ಲಿ ನುಡಿಯದಿರಲು ಇದು ಒಂದು ಸಾಮಾನ್ಯ ಕಾರಣ. ಬಿತ್ತರಿಸಲು ಎಕ್ಸ್‌ಪೋರ್ಟ್ ಮೂಲಕ ಎಂಪಿ3 ಕಡತ ತಯಾರಿಸಬೇಕು. ಮೂಲ ಮುದ್ರಣವನ್ನು ವೇವ್ ರೂಪದಲ್ಲಿ ಪ್ರತ್ಯೇಕವಾಗಿ ಇಟ್ಟು, ಪ್ರತಿಯ ಮೇಲೆ ಮಾತ್ರ ಸಂಪಾದನೆ ನಡೆಸಬೇಕು. ಏಕವಾಹಿನಿಯ, 16 ಬಿಟ್‌ನ ವೇವ್ ಕಡತಕ್ಕೆ ನಿಮಿಷಕ್ಕೆ ಸುಮಾರು 5 ಎಂಬಿ ಸ್ಥಳ ಬೇಕು. ಒಂದು ಗಂಟೆಗೆ 300 ಎಂಬಿಗಿಂತ ಸ್ವಲ್ಪ ಹೆಚ್ಚು.

7. ಸಭೆಯ ಧ್ವನಿಮುದ್ರಣದ ವಿಚಾರ

ಪ್ರಕಟಣೆಯನ್ನು ಕತ್ತರಿಸಿ ಜೋಡಿಸಬಹುದು. ಸಭೆಯ ಮುದ್ರಣವನ್ನು ಹಾಗೆ ಮಾಡಲಾಗದು. ‘ಒಪ್ಪಿಗೆ ಇಲ್ಲ’ ಎಂಬ ಮಾತಿನಿಂದ ‘ಇಲ್ಲ’ ಎಂಬೊಂದು ಪದ ಹೋದರೆ ಸದಸ್ಯರ ಅಭಿಪ್ರಾಯವೇ ತಲೆಕೆಳಗಾಗುತ್ತದೆ. ಕೆಮ್ಮು, ಗದ್ದಲ, ದೀರ್ಘ ಮೌನ ಇದ್ದರೂ ಮೂಲ ಕಡತವನ್ನು ಇದ್ದಂತೆಯೇ ಕಾಪಾಡಬೇಕು. ಧ್ವನಿಮುದ್ರಣವು ನಡವಳಿ ಪುಸ್ತಕಕ್ಕೆ ಪರ್ಯಾಯವಲ್ಲ. ಅದಕ್ಕೆ ಪೂರಕ ಮಾತ್ರ.

ಅಭ್ಯಾಸ

(1) ಮುಂದಿನ ಗ್ರಾಮಸಭೆಯ ಒಂದು ನಿಮಿಷದ ಪ್ರಕಟಣೆಯನ್ನು ಒಂದು ಗೇಣು ಹಾಗೂ ನಾಲ್ಕು ಗೇಣು ದೂರದಿಂದ ಮುದ್ರಿಸಿ, ವ್ಯತ್ಯಾಸವನ್ನು ಆಲಿಸುವುದು.

(2) ಅದನ್ನು ಇಯರ್‌ಫೋನಿನಲ್ಲಿ, ಮೊಬೈಲ್‌ನಲ್ಲಿ ಮತ್ತು ಎಂಜಿನ್ ಚಾಲೂ ಇರುವ ವಾಹನದ ಧ್ವನಿವರ್ಧಕದಲ್ಲಿ ಕೇಳುವುದು.

(3) ವಿಷಯ ಮೊದಲೇ ತಿಳಿಯದ ಹಿರಿಯರೊಬ್ಬರಿಗೆ ಒಮ್ಮೆ ಕೇಳಿಸಿ, ದಿನಾಂಕ, ವೇಳೆ ಮತ್ತು ಸ್ಥಳವನ್ನು ಅವರಿಂದಲೇ ಹೇಳಿಸುವುದು. ಮೂರರಲ್ಲಿ ಒಂದು ತಪ್ಪಿದರೂ ಪ್ರಕಟಣೆಯನ್ನು ಮತ್ತೆ ಮುದ್ರಿಸುವುದು.